ಸಿಟ್ಟಿನಲ್ಲಿ ಉಬುಂಟುಗೆ ಬಂದವರಿಗೆ

ಲಿನಕ್ಸ್ ಬಳಸುವ ಯಾರನ್ನಾದರೂ ಹಿಡಿದು ನಿಲ್ಲಿಸಿ, ಯಾಕೆ ಇಲ್ಲಿಗೆ ಬಂದ್ರಿ ಅಂತ ಕೇಳಿ ನೋಡಿ. ಸ್ವಾತಂತ್ರ್ಯ, ಸಮುದಾಯ, ಮುಕ್ತ ತಂತ್ರಾಂಶ ಅನ್ನೋ ದೊಡ್ಡ ಮಾತೆಲ್ಲ ಆಮೇಲೆ ಬರುತ್ತೆ. ಮೊದಲು ಬರೋದು ಒಂದು ಸಿಟ್ಟಿನ ಕಥೆ. ತಂಗಿ ಮದುವೆ ಫೋಟೋನೆಲ್ಲ ವೈರಸ್ ನುಂಗಿತು, ಪ್ರಾಜೆಕ್ಟ್ ರಿಪೋರ್ಟ್ ಕೊಡೋ ಹಿಂದಿನ ರಾತ್ರಿ ಸಿಸ್ಟಂ ಏಳಲೇ ಇಲ್ಲ, ಆಂಟಿವೈರಸ್ ಹಾಕಿದ ಮೇಲೆ ಕಂಪ್ಯೂಟರು ಎತ್ತಿನಗಾಡಿ ಆಯ್ತು. ಇಂಥದ್ದೇ ಏನೋ ಒಂದು. ನಾನು ಬಂದಿದ್ದೂ ಸಿಟ್ಟಿನಿಂದಲೇ. ಹಾಗಾಗಿ ಸಿಟ್ಟನ್ನು ನಾನು ಹಗುರವಾಗಿ ನೋಡೋದಿಲ್ಲ. ಆದರೆ ಹಾಗೆ ಬಂದವರಲ್ಲಿ ಬಹಳ ಜನ ಯಾಕೆ ಆರು ತಿಂಗಳೂ ನಿಲ್ಲೋದಿಲ್ಲ ಅನ್ನೋದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಕನ್ನಡದಲ್ಲಿ ಲಿನಕ್ಸ್ ಬಗ್ಗೆ ಬರೋ ಲೇಖನ ಎರಡು ಥರ. ಒಂದು: ಪುಕ್ಕಟೆ, ವೈರಸ್ ಇಲ್ಲ, ಬೇಗ ಬನ್ನಿ. ಇನ್ನೊಂದು: ಅದು ಕಂಪ್ಯೂಟರ್ ಓದಿದವರಿಗೆ ಮಾತ್ರ, ನಮ್ಮಂಥವರಿಗಲ್ಲ. ಒಂದು ಭಜನೆ, ಇನ್ನೊಂದು ಗುಮ್ಮ. ವಿಮರ್ಶೆ ಎರಡೂ ಅಲ್ಲ. ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರ ವಿಮರ್ಶೆ ಬರುತ್ತೆ. ದಿನಕ್ಕೆ ಹತ್ತು ಗಂಟೆ ಕಣ್ಣೆದುರಿಗೆ ಇಟ್ಟುಕೊಂಡು ಕೂರುವ ಡೆಸ್ಕ್‌ಟಾಪಿಗೆ ಆ ಭಾಗ್ಯ ಇಲ್ಲ. 2012ರ ಏಪ್ರಿಲ್‌ನಲ್ಲಿ ಬಂದ ಉಬುಂಟು 12.04ನ್ನು ಎಂಟು ತಿಂಗಳು ನೋಡಿದೆ. ಅದರ ಗುಣ ದೋಷ ಎರಡನ್ನೂ ಇಲ್ಲಿ ಇಡ್ತೀನಿ.

ನೋಡಿದ ಜಾಗ ಯಾವುದು ಅನ್ನೋದೂ ಮುಖ್ಯ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿ ದಿನವೂ ಲಿನಕ್ಸ್ ಸರ್ವರ್ ಜೊತೆ ಏಗೋನು. ಸರ್ವರ್ ಬೇರೆ, ಡೆಸ್ಕ್‌ಟಾಪ್ ಬೇರೆ. ಸರ್ವರ್ ಮುಂದೆ ಯಾರೂ ಬಂದು ನಿಂತು "ಸ್ವಾಮಿ, ಅರ್ಜೆಂಟಾಗಿ ಒಂದು ಲಗ್ನಪತ್ರಿಕೆ" ಅನ್ನೋದಿಲ್ಲ. ಹಾಗನ್ನೋದು ತಿಪಟೂರಿನ ಹತ್ತಿರ ನಮ್ಮ ಹೋಬಳಿಯಲ್ಲಿ, ಚಿಕ್ಕಪ್ಪನ ಮಗನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರ್, ಒಂದು ಯುಪಿಎಸ್. ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಚೆನ್ನಾಗಿ ಓಡಿದರೆ ಅದು ದೊಡ್ಡ ವಿಷಯ ಅಲ್ಲ, ಕೆಟ್ಟರೆ ರಿಪೇರಿ ಮಾಡಿಕೊಳ್ಳೋಕೆ ನನಗೆ ಬರುತ್ತೆ. ಆ ಅಂಗಡಿಯಲ್ಲಿ ಓಡಿದರೆ ಅದು ಪರೀಕ್ಷೆ ಪಾಸಾದ ಹಾಗೆ.

ಮೊದಲು ಅವನ ಸಿಟ್ಟು ಏನಿತ್ತು ಹೇಳ್ತೀನಿ. ಅಂಗಡಿಗೆ ಬರುವವರೆಲ್ಲ ಪೆನ್ ಡ್ರೈವ್ ತರ್ತಾರೆ. ಕಾಲೇಜು ಹುಡುಗರು, ಮೇಷ್ಟ್ರುಗಳು, ಪಂಚಾಯ್ತಿಯವರು. ಆ ಪೆನ್ ಡ್ರೈವಿನಲ್ಲಿ ವೈರಸ್ ಇದ್ದರೆ ಅದರ ಜೊತೆ ಒಂದು ಆಟೋರನ್ ಕಡತ ಕೂತಿರುತ್ತೆ. ಅವನ ಹಳೇ ಸಿಸ್ಟಂ ಅದನ್ನು ಓದಿ, ಅದು ಹೇಳಿದ್ದನ್ನು ಯಾರನ್ನೂ ಕೇಳದೆ ಮಾಡ್ತಿತ್ತು. ಇನ್ನೊಂದು ಜಾತಿ ಇದೆ: ಫೋಲ್ಡರಿನ ಚಿತ್ರ ಹಾಕಿಕೊಂಡು ಕೂರೋ ಪ್ರೋಗ್ರಾಂ. ಹೆಸರಿನ ಕೊನೆಯ ಬಾಲವನ್ನು ಸಿಸ್ಟಮ್ಮೇ ಮುಚ್ಚಿಡೋದರಿಂದ ಅದು ಫೋಲ್ಡರ್ರೋ ಪ್ರೋಗ್ರಾಮೋ ಗೊತ್ತಾಗಲ್ಲ. ಫೋಲ್ಡರ್ ಅಂದುಕೊಂಡು ಒತ್ತಿದಿರೋ, ಮುಗೀತು. ಮೂರು ತಿಂಗಳಿಗೊಮ್ಮೆ ಫಾರ್ಮ್ಯಾಟ್, ಪ್ರತಿ ಸಲವೂ ಮುನ್ನೂರು ರೂಪಾಯಿ. ಸಿಸ್ಟಂ ಕ್ರ್ಯಾಕ್ ಕಾಪಿ ಆದ್ದರಿಂದ ಅಪ್‌ಡೇಟ್ ಹಾಕೋಕೆ ಹೆದರಿಕೆ, ಅಪ್‌ಡೇಟ್ ಇಲ್ಲದ್ದರಿಂದ ಮತ್ತೆ ವೈರಸ್. ಹೀಗೆ ಗಾಣ ಸುತ್ತಿದ್ದೇ ಸುತ್ತಿದ್ದು.

ಈ ಕಾಯಿಲೆಗೆ ಉಬುಂಟು ನಿಜವಾಗಿಯೂ ಮದ್ದು. ಒಂದು ಸಿಡಿ ಹಾಕಿ, ಇನ್‌ಸ್ಟಾಲ್ ಮಾಡದೇನೇ ಓಡಿಸಿ ನೋಡಬಹುದಿತ್ತು. ಒಪ್ಪಿಗೆಯಾದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೂತುಬಿಡುತ್ತೆ. ಗಿರಾಕಿಯ ಪೆನ್ ಡ್ರೈವ್ ಚುಚ್ಚಿದರೆ ಆ ವೈರಸ್ ಕಡತಗಳು ಪರದೆ ಮೇಲೆ ಸತ್ತ ಜಿರಳೆ ಥರ ಕಾಣ್ತವೆ. ಅವು ಬರೆದಿರೋದೇ ಇನ್ನೊಂದು ಸಿಸ್ಟಂಗೆ, ಇಲ್ಲಿ ಓಡೋದಿಲ್ಲ. ಸಿಸ್ಟಂನ ಜೀವಾಳವಾದ ಕಡತಗಳನ್ನು ಮುಟ್ಟಬೇಕಾದರೆ ಪಾಸ್‌ವರ್ಡ್ ಕೇಳುತ್ತೆ. "ಅಣ್ಣಾ, ಇದನ್ನ ಅಳಿಸಿ ಪೆನ್ ಡ್ರೈವ್ ಕ್ಲೀನ್ ಮಾಡಿಕೊಟ್ರೆ ಹತ್ತು ರೂಪಾಯಿ ತಗೋಬಹುದಲ್ವಾ?" ಅಂದ ನಮ್ಮ ಹುಡುಗ. ತಗೋತಾನೂ ಇದ್ದಾನೆ. ಬೇಕಾದ ಪ್ರೋಗ್ರಾಮುಗಳೆಲ್ಲ ಒಂದೇ ಕಣಜದಿಂದ ಬರ್ತವೆ, ಒಟ್ಟಿಗೇ ಅಪ್‌ಡೇಟ್ ಆಗ್ತವೆ. ಕಾನೂನಿನ ಭಯ ಇಲ್ಲ. 12.04ಕ್ಕೆ ಐದು ವರ್ಷ, ಅಂದರೆ 2017ರವರೆಗೆ, ರಿಪೇರಿ ಕೊಡ್ತೀವಿ ಅಂತ ಮಾತು ಕೊಟ್ಟಿದ್ದರು.

ಇದರ ಹಿಂದೆ ಎಷ್ಟು ಜನರ ದುಡಿಮೆ ಇದೆ ಅನ್ನೋದನ್ನೂ ಹೇಳಬೇಕು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನುಸ್ ತೊರ್ವಾಲ್ಡ್ಸ್ ತನ್ನ ಕರ್ನಲ್ ಹಂಚಿದರು. 1993ರಲ್ಲಿ ಡೆಬಿಯನ್ ಬಂತು. ಅದರ ಮೇಲೆ ನಿಂತು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2004ರ ಅಕ್ಟೋಬರ್‌ನಲ್ಲಿ ಮೊದಲ ಉಬುಂಟು ಹೊರತಂದರು. ಅವರ ಕಡೆಯ ಭಾಷೆಯಲ್ಲಿ ಉಬುಂಟು ಅಂದರೆ ಹೆಚ್ಚೂಕಡಿಮೆ ಮಾನವೀಯತೆ ಅಂತ. ಕಾಸಿಲ್ಲದೆ ಸಿಕ್ಕಿತು ಅಂತ ಕಾಸಿನ ಬೆಲೆಯದ್ದಲ್ಲ ಅಂದುಕೊಳ್ಳಬಾರದು. ಹಾಗೇ, ಕಾಸಿಲ್ಲದೆ ಸಿಕ್ಕಿತು ಅಂತ ಬಾಯಿ ಮುಚ್ಚಿಕೊಂಡೂ ಇರಬಾರದು.

ಮೊದಲ ತಕರಾರು: ಉಬುಂಟು ಮಾಡುವವರ ಕಣ್ಣಲ್ಲಿ ಪ್ರಪಂಚದ ಎಲ್ಲ ಮನೆಗೂ ಇಂಟರ್ನೆಟ್ಟಿನ ನಲ್ಲಿ ಇದೆ, ತಿರುಗಿಸಿದರೆ ಸುರಿಯುತ್ತೆ. ಹಾಡು ಕೇಳೋಣ ಅಂದರೆ ಎಂಪಿ3 ಓದುವ ತುಣುಕು ಸಿಡಿಯಲ್ಲಿ ಬರ್ತಿರಲಿಲ್ಲ. ಪೇಟೆಂಟಿನ ತಂಟೆ ಇದ್ದದ್ದರಿಂದ ಅದನ್ನು ಆಮೇಲೆ ಇಳಿಸಿಕೊಳ್ಳಬೇಕಿತ್ತು. ಕಾರಣ ನ್ಯಾಯವಾದದ್ದೇ. ಆದರೆ ಪ್ರೀಪೇಯ್ಡ್ ಡೇಟಾ ಕಾರ್ಡಿನಲ್ಲಿ ತಿಂಗಳಿಗೆ ಒಂದು ಜಿಬಿ ಎಣಿಸಿಕೊಂಡು ಖರ್ಚು ಮಾಡುತ್ತಿದ್ದ ಊರಿನಲ್ಲಿ, ಹೊಸ ಸಿಸ್ಟಂ ಹಾಕಿದ ಮೊದಲ ಸಂಜೆ ರಾಜ್‌ಕುಮಾರ್ ಹಾಡು ಬರಲಿಲ್ಲ ಅಂದರೆ "ಇದು ಕೆಲಸಕ್ಕೆ ಬಾರದ್ದು" ಅಂತ ತೀರ್ಪು ಆಗಿಹೋಗ್ತಿತ್ತು. ಆ ಪ್ಯಾಕೇಜುಗಳನ್ನೆಲ್ಲ ನಾನು ಬೆಂಗಳೂರಿನಲ್ಲೇ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಒಯ್ದಿದ್ದೆ. ಬೆಂಗಳೂರಿನಲ್ಲಿ ಅಣ್ಣ ಇಲ್ಲದವರು ಏನು ಮಾಡಬೇಕು?

ಪ್ರಿಂಟರಿನದೂ ಇದೇ ಗೋಳು. ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಒಂದು ಪುಟ್ಟ ಲೇಸರ್ ಪ್ರಿಂಟರ್ ಇದೆ. ಅದರ ಕಂಪನಿ ಲಿನಕ್ಸಿಗೆ ಡ್ರೈವರ್ ಕೊಟ್ಟಿದೆ. ಆದರೆ ಅದನ್ನು ಕೂರಿಸಬೇಕಾದರೆ ಟರ್ಮಿನಲ್ ತೆರೆದು ಪುಟಗಟ್ಟಲೆ ಕಮಾಂಡ್ ಹೊಡೀಬೇಕು. ತಪ್ಪು ಉಬುಂಟುದಲ್ಲ, ಆ ಕಂಪನಿಯದು. ಅಂಗಡಿಯವನಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು? ಗಿರಾಕಿ ನಿಂತಿದ್ದಾನೆ, ಹಾಳೆ ಹೊರಗೆ ಬರಬೇಕು.

ಎರಡನೇ ತಕರಾರು ದೊಡ್ಡಸ್ತಿಕೆಯದು. 2011ರ ಏಪ್ರಿಲ್‌ನ 11.04ರಲ್ಲಿ ಉಬುಂಟು ತನ್ನ ಮುಖವನ್ನೇ ಬದಲಾಯಿಸಿ ಯೂನಿಟಿ ಅನ್ನೋದನ್ನು ತಂತು. ಎಡಗಡೆ ದಪ್ಪ ಪಟ್ಟಿ, ಮೇಲೆ ಅಡಗಿಕೊಂಡಿರುವ ಮೆನು. ಹೊಸ ಯಂತ್ರಕ್ಕೆ ಚೆಂದ, ಹಳೇ ಯಂತ್ರಕ್ಕೆ ಭಾರ. ಅದಕ್ಕಿಂತ ಕೆಟ್ಟದ್ದು 2012ರ ಅಕ್ಟೋಬರಿನ 12.10ರಲ್ಲಿ ಆಯ್ತು. ನಿಮ್ಮ ಕಂಪ್ಯೂಟರಿನಲ್ಲಿರೋ ಕಡತವನ್ನೇ ಹುಡುಕಲು ಎರಡಕ್ಷರ ಒತ್ತಿದರೂ ಪಕ್ಕದಲ್ಲಿ ಅಮೆಜಾನ್ ಅಂಗಡಿಯ ಸರಕು ಬಂದು ಕೂರ್ತಿತ್ತು. ಅಂದರೆ ನೀವು ಒತ್ತಿದ ಅಕ್ಷರ ಇಂಟರ್ನೆಟ್ ಮೂಲಕ ಇನ್ನೆಲ್ಲಿಗೋ ಹೋಗಿ ಬರ್ತಾ ಇತ್ತು. ಸ್ಟಾಲ್ಮನ್ ಅವರೇ ಇದನ್ನು ಬೇಹುಗಾರಿಕೆ ಅಂತ ಕರೆದಿದ್ದಾರೆ. "ನಿನಗೇನು ಬೇಕು ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು" ಅನ್ನೋ ಧೋರಣೆಗೆ ಸಿಟ್ಟಾಗಿ ಬಂದವರಿಗೆ ಇಲ್ಲೂ ಅದೇ ಧ್ವನಿ ಕೇಳಿದರೆ ಹೇಗೆ?

ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಬೇಡದ ಆ ತುಣುಕನ್ನು ಇಲ್ಲಿ ಕಿತ್ತುಹಾಕಬಹುದಿತ್ತು, ಒಂದೇ ಪ್ಯಾಕೇಜು. ಯೂನಿಟಿ ಸೇರದಿದ್ದವರಿಗೆ ಕ್ಸುಬುಂಟು ಇತ್ತು, ಲುಬುಂಟು ಇತ್ತು, ಲಿನಕ್ಸ್ ಮಿಂಟ್ ಇತ್ತು. ಒಳಗೆ ಏನು ನಡೀತಿದೆ ಅಂತ ಓದಿ ನೋಡೋ ಹಕ್ಕು ಎಲ್ಲರಿಗೂ ಇದೆ, ಓದಿದವರು ಕೂಗಿ ಹೇಳಿದ್ದರಿಂದಲೇ ನಮಗೂ ಇದು ತಿಳಿದದ್ದು. ಅಂಗಡಿಯ ಯಂತ್ರಕ್ಕೆ ನಾನು ಹಾಕಿದ್ದು ಕ್ಸುಬುಂಟು. ಅದೇ 12.04, ಮುಖ ಮಾತ್ರ ಸರಳ.

ಮೂರನೇದು ಕನ್ನಡದ್ದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಟೈಪ್ ಮಾಡೋದಕ್ಕೆ ತೊಂದರೆ ಇಲ್ಲ. ಐಬಸ್ ಅನ್ನೋದರಲ್ಲಿ ಕೆಜಿಪಿ ಕೀಲಿಮಣೆ ಇದೆ, ನಮ್ಮ ಡಿಟಿಪಿ ಹುಡುಗರ ಬೆರಳಿಗೆ ಅಭ್ಯಾಸವಾದದ್ದು ಅದೇ. ಓದೋದಕ್ಕೆ ಲೋಹಿತ್ ಇದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಕೇದಗೆ, ಮಲ್ಲಿಗೆ ಇವೆ. ಇಡೀ ಡೆಸ್ಕ್‌ಟಾಪನ್ನೇ ಕನ್ನಡದಲ್ಲಿ ನೋಡಬಹುದು. ಬೆರಳೆಣಿಕೆಯ ಜನ ಕೂತು ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತಂದಿದ್ದಾರೆ. ಅವರಿಗೆ ಮೊದಲು ನಮಸ್ಕಾರ. ಆಮೇಲೆ ಜಗಳ.

ಕನ್ನಡದ ಪರದೆಯಲ್ಲಿ ಫೋಲ್ಡರು ಕಡತಕೋಶ, ಡೆಸ್ಕ್‌ಟಾಪು ಗಣಕತೆರೆ, ಪಾಸ್‌ವರ್ಡು ಗುಪ್ತಪದ, ಡಿಫಾಲ್ಟು ಪೂರ್ವನಿಯೋಜಿತ. ಡಿಸ್ಕನ್ನು ಮೌಂಟ್ ಮಾಡೋದಕ್ಕೆ ಆರೋಹಿಸು. ನಮ್ಮ ಹುಡುಗ ಅದನ್ನು ಓದಿ, "ಅಣ್ಣಾ, ಇದೇನು ಸಂಗೀತ ಕ್ಲಾಸಾ? ಅವರೋಹಣ ಯಾವಾಗ?" ಅಂದ. ಎರಡು ದಿನ ನೋಡಿ ಪರದೆಯನ್ನು ಇಂಗ್ಲಿಷಿಗೆ ತಿರುಗಿಸಿಕೊಂಡ. ಅವನಿಗೆ ಇಂಗ್ಲಿಷ್ ಬರುತ್ತೆ ಅಂತ ಅಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದದ ಜಾಗ ಅವನಿಗೆ ಗೊತ್ತು, ಗೊತ್ತಿಲ್ಲದ ಕನ್ನಡ ಪದದ ಜಾಗ ಗೊತ್ತಿಲ್ಲ. ಪೆನ್ ಡ್ರೈವಿಗೆ "ಜೋಡಿಸು", "ಕಳಚು" ಅಂತ ಇದ್ದಿದ್ದರೆ? ನೇಗಿಲಿಗೂ ಎತ್ತಿಗೂ ಪಂಪ್‌ಸೆಟ್ಟಿಗೂ ಒಪ್ಪೋ ಮಾತು ಕಂಪ್ಯೂಟರಿಗೆ ಯಾಕೆ ಒಪ್ಪಬಾರದು? ಫೋಲ್ಡರಿಗೆ ಫೋಲ್ಡರ್ ಅಂದರೆ ಕನ್ನಡಕ್ಕೆ ಮುಕ್ಕೇನೂ ಆಗೋದಿಲ್ಲ. ಬಸ್ಸು, ಲೈಟು, ಪೆನ್ನು ಎಲ್ಲ ಜೀರ್ಣಿಸಿಕೊಂಡ ಭಾಷೆ ಇದು.

ಪದಗಳಿಗಿಂತ ಒಳಗಿನ ಗಂಟು ಇನ್ನೊಂದಿದೆ. ಇಂಗ್ಲಿಷಿನಲ್ಲಿ ನಾನು ಯಂತ್ರಕ್ಕೆ ಹೇಳುವ ಮಾತಿಗೂ ಯಂತ್ರ ನನಗೆ ಹೇಳುವ ಮಾತಿಗೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಹಾಗಲ್ಲ. ಗುಂಡಿ ಒತ್ತುವಾಗ ನಾನು ಯಂತ್ರಕ್ಕೆ "ಉಳಿಸು" ಅಂತೀನಿ. ಯಂತ್ರ ನನ್ನನ್ನು ಕೇಳುವಾಗ "ಹೆಸರು ಬರೆಯಿರಿ" ಅನ್ನಬೇಕು. ಯಾರು ಯಾರಿಗೆ ಹೇಳ್ತಿದ್ದಾರೆ ಅನ್ನೋದು ತಿಳಿಯದೆ ಒಂದು ಸಾಲನ್ನೂ ಕನ್ನಡಕ್ಕೆ ತರೋಕೆ ಆಗಲ್ಲ. ಆದರೆ ಅನುವಾದಕನ ಮುಂದೆ ಇರೋದು ಇಂಗ್ಲಿಷ್ ಸಾಲುಗಳ ಒಂದು ಪಟ್ಟಿ ಅಷ್ಟೆ, ಆ ಸಾಲು ಪರದೆ ಮೇಲೆ ಎಲ್ಲಿ ಕೂರುತ್ತೆ ಅಂತ ಬಹಳ ಸಲ ಕಾಣೋದೇ ಇಲ್ಲ. ಇನ್ನು ವಿಭಕ್ತಿ. ಕಡತದ ಹೆಸರು ಏನು ಬರುತ್ತೋ ಮೊದಲೇ ಗೊತ್ತಿಲ್ಲದ್ದರಿಂದ ಪ್ರತ್ಯಯವನ್ನು ಬಿಡಿಸಿ ಇಡಬೇಕು. ಆಗ "ಲಗ್ನಪತ್ರಿಕೆ ಅನ್ನು ಅಳಿಸಬೇಕೆ?" ಅಂತ ಯಂತ್ರ ತೊದಲುತ್ತೆ. ವಾಕ್ಯವನ್ನೇ ತಿರುಗಿಸಿ "ಈ ಕಡತ ಅಳಿಸಲೇ: ಲಗ್ನಪತ್ರಿಕೆ" ಅಂದರೆ ತೊದಲು ಹೋಗುತ್ತೆ. ಇದಕ್ಕೆ ಪಾಂಡಿತ್ಯ ಬೇಡ. ಅನುವಾದಕನ ಪಕ್ಕದಲ್ಲಿ ಕೂತು ಬಳಸಿ ನೋಡುವ ಒಬ್ಬ ಅಂಗಡಿಯವನು ಬೇಕು. ಪಕ್ಕದ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಸರ್ಕಾರಿ ಶಾಲೆಗಳಿಗೆ ಲಿನಕ್ಸ್ ತಂದು ಮೇಷ್ಟ್ರುಗಳನ್ನೂ ಮಕ್ಕಳನ್ನೂ ಅದರ ಮುಂದೆ ಕೂರಿಸಿತು. 2002ರಿಂದ ಅಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅನ್ನೋ ಗುಂಪು ಕೆಲಸ ಮಾಡ್ತಾ ಇದೆ. ನಾವು ನಾಲ್ಕು ಜನರ ಹೆಗಲ ಮೇಲೆ ಮೂಟೆ ಹೊರಿಸಿ, ಪದ ಸರಿಯಿಲ್ಲ ಅಂತ ದೂರ ನಿಂತು ನಗ್ತಾ ಇದ್ದೀವಿ.

ಇಷ್ಟೆಲ್ಲ ಇದ್ದರೂ ಅಂಗಡಿ ಪೂರ್ತಿ ಉಬುಂಟುಗೆ ಬರಬಹುದಿತ್ತು. ಬರದೆ ಇರೋದಕ್ಕೆ ಕಾರಣ ಬೇರೆ, ಈ ಬರಹದ ಮುಖ್ಯ ಮಾತು ಅದೇ.

ಅವನ ಎರಡನೇ ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷದ ಕೆಲಸ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ. ಒಂದು ಮನೆಯ ಅಕ್ಕನ ಮದುವೆಗೆ ಮಾಡಿದ ಪತ್ರಿಕೆಯನ್ನೇ ತೆಗೆದು ತಂಗಿ ಮದುವೆಗೆ ಹೆಸರು ತಿದ್ದೋದು ಅವನ ದುಡಿಮೆಯ ರೀತಿ. ಅವೆಲ್ಲ ಇರೋದು ಪೇಜ್‌ಮೇಕರಿನಲ್ಲಿ, ಹಳೇ ಕನ್ನಡ ಫಾಂಟುಗಳಲ್ಲಿ. ಈ ಫಾಂಟುಗಳು ಮಾಡೋದು ಒಂದು ಕಣ್ಕಟ್ಟು. ಕಡತದ ಒಳಗೆ ಕನ್ನಡ ಇರೋದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳ ಚಿತ್ರ ಕೂರಿಸಿರ್ತಾರೆ. ಆ ಫಾಂಟ್ ತೆಗೆದುಬಿಟ್ಟರೆ "ಕನ್ನಡ" ಅನ್ನೋ ಪದ ಒಂದು ಪಿ, ನೆತ್ತಿಗೆ ಗೀರು ಬಿದ್ದ ಎ, ಪೌಂಡಿನ ಗುರುತು, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ ಹೀಗೆ ಕಾಣುತ್ತೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ವಂತ ಜಾಗ ಇದೆ. ನಮ್ಮ ಡಿಟಿಪಿ ಅಂಗಡಿಗಳು ಇನ್ನೂ ಬಾಡಿಗೆ ಮನೆಯಲ್ಲೇ ಇವೆ.

ಈ ತಪ್ಪನ್ನು ಆ ಫಾಂಟ್ ಮಾಡಿದವರ ತಲೆಗೆ ಕಟ್ಟೋದು ನ್ಯಾಯವಲ್ಲ. ಯೂನಿಕೋಡ್ ಕನ್ನಡವನ್ನು ಪರದೆ ಮೇಲೆ ಸರಿಯಾಗಿ ತೋರಿಸುವ ಯಂತ್ರಗಳೇ ಇಲ್ಲದ ಕಾಲದಲ್ಲಿ ನುಡಿ, ಬರಹದಂಥ ತಂತ್ರಾಂಶಗಳಿಂದಲೇ ಕನ್ನಡ ಕಂಪ್ಯೂಟರಿಗೆ ಹತ್ತಿತು. ಆದರೆ ಕಾಲ ಕಳೆದಿದೆ. ಇನ್ನೊಂದು ಕಡೆ, ಮುಕ್ತ ತಂತ್ರಾಂಶದವರು ಪೇಜ್‌ಮೇಕರಿಗೆ ಬದಲಾಗಿ ಸ್ಕ್ರೈಬಸ್ ಇದೆ ಅಂತ ಪಟ್ಟಿ ಓದ್ತಾರಲ್ಲ, ಆ ಸ್ಕ್ರೈಬಸ್ಸಿಗೆ 2012ರಲ್ಲಿ ಕನ್ನಡದ ಒತ್ತಕ್ಷರ ಕೂಡಿಸೋಕೆ ಬರ್ತಿರಲಿಲ್ಲ. ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತೆ, ಒಂದು ಹಾಳೆಯ ಪತ್ರಿಕೆಗೆ ಅದು ಸಾಕು. ಆದರೆ ಮದುವೆಗೆ ಒಪ್ಪೋ ಬಳುಕಿನ ಅಕ್ಷರ ಯೂನಿಕೋಡಿನಲ್ಲಿ ಬೆರಳೆಣಿಕೆಯಷ್ಟೂ ಸಿಗಲಿಲ್ಲ. ಬದಲಿಗೆ ಇದೆ ಅಂತ ಬರೆಯುವವರು ಕನ್ನಡದಲ್ಲಿ ಒಂದು ಸಾಲು ಹೊಡೆದು ನೋಡಿ ಬರೆದರೆ ಒಳ್ಳೇದು.

ಹಾಗಾಗಿ ಸಿಟ್ಟಿನಲ್ಲಿರುವವರಿಗೆ ನನ್ನ ಮಾತು ಇಷ್ಟು. ಆಪರೇಟಿಂಗ್ ಸಿಸ್ಟಂ ಅನ್ನೋದು ಮನೆ. ಮನೆ ಬದಲಾಯಿಸೋದು ಒಂದು ಭಾನುವಾರದ ಕೆಲಸ. ನಿಮ್ಮನ್ನು ಹಿಡಿದಿಟ್ಟಿರೋ ಬೀಗ ಮನೆ ಬಾಗಿಲಿಗೆ ಇಲ್ಲ, ಒಳಗಿನ ಪೆಟ್ಟಿಗೆಗೆ ಇದೆ. ಪೆಟ್ಟಿಗೆ ಅಂದರೆ ನಿಮ್ಮ ಕಡತ. ಅದು ಒಂದೇ ಪ್ರೋಗ್ರಾಮಿಗೆ, ಒಂದೇ ಫಾಂಟಿಗೆ ಕಟ್ಟುಬಿದ್ದಿದ್ದರೆ ನೀವು ಯಾವ ಮನೆಗೆ ಹೋದರೂ ತಿಂಗಳೊಳಗೆ ವಾಪಸ್ ಬರ್ತೀರಿ. ಆಗ ಬೈಯೋದು ಲಿನಕ್ಸನ್ನು. ಮೊದಲು ಪೆಟ್ಟಿಗೆ ಬೀಗ ತೆಗೆಸಿ. ಇವತ್ತಿನಿಂದ ಬರೆಯೋ ಪ್ರತಿ ಸಾಲನ್ನೂ ಯೂನಿಕೋಡಿನಲ್ಲಿ ಬರೆಯಿರಿ. ಕಡತವನ್ನು ಓಡಿಎಫ್ ಥರದ, ಯಾರು ಬೇಕಾದರೂ ಓದಬಲ್ಲ ಮಾದರಿಯಲ್ಲಿ ಇಡಿ. ಇದನ್ನು ಈಗಿರುವ ಸಿಸ್ಟಂನಲ್ಲಿ ಕೂತೇ ಮಾಡಬಹುದು, ಲಿಬ್ರೆ ಆಫೀಸ್, ಇಂಕ್‌ಸ್ಕೇಪ್, ಫೈರ್‌ಫಾಕ್ಸ್ ಎಲ್ಲ ಅಲ್ಲೂ ಓಡ್ತವೆ. ಆರು ತಿಂಗಳು ಹಾಗೆ ಮಾಡಿ. ಆಮೇಲೆ ಉಬುಂಟು ಹಾಕಿದರೆ ನಿಮಗೆ ಬದಲಾವಣೆ ಗೊತ್ತಾಗೋದೂ ಕಡಿಮೆ, ಸಿಟ್ಟಿನ ಅಗತ್ಯವೂ ಇರಲ್ಲ.

ಉಬುಂಟು ಮಾಡುವವರಿಗೂ, ಅದರ ಕನ್ನಡ ಮಾಡುವ ನಮಗೂ ಹೇಳೋದು ಇಷ್ಟೇ: ಸಿಟ್ಟಿನಿಂದ ಬಂದ ಗಿರಾಕಿ ಬಾಗಿಲಿಗೆ ಬಂದ ನೆಂಟನಿದ್ದ ಹಾಗೆ. ಮೊದಲ ಸಂಜೆ ಹಾಡು ಕೇಳಬೇಕು, ಹಾಳೆ ಪ್ರಿಂಟ್ ಆಗಬೇಕು, ಮೆನುವಿನ ಕನ್ನಡ ಅರ್ಥ ಆಗಬೇಕು. ತತ್ವ ಮರುದಿನ ಹೇಳಿದರಾಯ್ತು. ಮೆನುವಿನ ಪದ ಸರಿಯಿಲ್ಲ ಅನ್ನಿಸಿದವರು ಲಾಂಚ್‌ಪ್ಯಾಡಿನಲ್ಲಿ ಖಾತೆ ಮಾಡಿಕೊಂಡು ಬೇರೆ ಪದ ಸೂಚಿಸಬಹುದು. ನಾನು "ಕಳಚು" ಸೂಚಿಸಿದ್ದೀನಿ. ಒಪ್ಪಿಗೆ ಆಗುತ್ತೋ ಇಲ್ಲವೋ, ಸೂಚಿಸೋ ಜಾಗ ಇದೆ ಅನ್ನೋದೇ ನಾನು ಇಲ್ಲಿ ಉಳಿದುಕೊಂಡಿರೋದಕ್ಕೆ ಕಾರಣ.

ಅಂಗಡಿ ಈಗ ಅರ್ಧಕ್ಕರ್ಧ. ಗಿರಾಕಿಗಳ ಪೆನ್ ಡ್ರೈವ್ ಚುಚ್ಚೋ ಯಂತ್ರದಲ್ಲಿ ಕ್ಸುಬುಂಟು, ಆ ಎಂಟು ತಿಂಗಳಲ್ಲಿ ಒಂದು ಫಾರ್ಮ್ಯಾಟೂ ಇಲ್ಲ. ಡಿಟಿಪಿ ಯಂತ್ರದಲ್ಲಿ ಹಳೇದೇ, ಅದಕ್ಕೆ ನೆಟ್ ಕೊಟ್ಟಿಲ್ಲ. ಹಳೇ ಗಿರಾಕಿ ಹೊಸ ಮದುವೆಗೆ ಬಂದಾಗ ಆ ಮನೆಯ ಒಂದು ಕಡತವನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸ್ತಾನೆ. ಬದಲಾಯಿಸೋ ಪ್ರೋಗ್ರಾಂ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತೆ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಾದರೆ ಏನಾಗುತ್ತೆ ಅಂತ ನಿಮಗೆ ಗೊತ್ತು, ಹಾಗಾಗಿ ಅಕ್ಷರ ಅಕ್ಷರ ನೋಡ್ತಾನೆ. ಇಲ್ಲಿಯವರೆಗೆ ನಲವತ್ತು ಮನೆಯ ಪತ್ರಿಕೆ ಆಗಿದೆಯಂತೆ. ಇನ್ನೂ ಬಹಳ ಇದೆ.